ದೋಣಿಗೆ ಬೆನ್ನು ಕಟ್ಟಿದ ಭಾಯ್

ಹೋದ ವಾರ ರಸೆಲ್ ಮಾರ್ಕೆಟ್ಟಿನಲ್ಲಿ ಹೂವು ಕೊಳ್ಳುತ್ತಿದ್ದಾಗ ಹೂವಿನವನು, "ಮೇಡಂ, ನಿಮ್ಮ ಬೋಟ್ ಭಾಯ್ ಹೋಗ್ಬಿಟ್ರಂತೆ, ಗೊತ್ತಾಯ್ತಾ?" ಎಂದ.

"ಎಲ್ಲಿಗೆ ಹೋದ್ರು?" ಎಂದು ಪೆದ್ದಿಯ ಹಾಗೆ ಕೇಳಿದೆ. ಅವನು ಮಲ್ಲಿಗೆ ಹಿಡಿದಿದ್ದ ಕೈಯನ್ನೇ ಮೇಲೆತ್ತಿ ತೋರಿಸಿದ.

ಸಂಕಟವಾಯಿತು. ಆದರೆ ಸುಳ್ಳೇಕೆ ಹೇಳಲಿ, ಸಂಕಟಕ್ಕೂ ಮೊದಲು ಮೊಣಕೈ ತುರಿಸಿತು. ಭಾಯ್ ನೆನಪಾದರೆ ನನಗೆ ಮೊದಲು ಬರುವುದು ತುರಿಕೆಯೇ. ಅವರು ಫೈಬರ್ ಕೆಲಸದವರು. ಗಾಜಿನ ನೂಲಿನ ಚಾಪೆಯನ್ನು ರೆಸಿನ್ ಎಂಬ ಜೇನುತುಪ್ಪದಂಥ ಅಂಟಿನಲ್ಲಿ ನೆನೆಸಿ, ಒಂದರ ಮೇಲೊಂದು ಹಾಸಿ, ಗಟ್ಟಿ ಮಾಡಿ, ಬೇಕಾದ ಆಕಾರ ತೆಗೆಯುತ್ತಿದ್ದರು. ಅದನ್ನು ಉಜ್ಜುವಾಗ ಏಳುವ ಗಾಜಿನ ಪುಡಿ ಅವರ ಅಂಗಡಿಯ ಗಾಳಿಯಲ್ಲೇ ತೇಲುತ್ತಿತ್ತು. ಒಳಗೆ ಹೋಗಿ ಬಂದವರು ಎರಡು ದಿನ ಕೋತಿಯ ಹಾಗೆ ಕೆರೆದುಕೊಳ್ಳಬೇಕಿತ್ತು. ಅವರು ಮಾತ್ರ ಒಂದು ದಿನವೂ ಕೆರೆದುಕೊಂಡಿದ್ದನ್ನು ನಾನು ಕಾಣೆ.

"ಕೆರ್ಕೊಂಡ್ರೆ ಜಾಸ್ತಿ ಆಗ್ತದೆ ಮೇಡಂ. ಮೈಗೆ ಬೇರೆ ವಿಷ್ಯ ಹೇಳ್ಬೇಕು."

"ಏನು ಹೇಳೋದು?"

"ಏನಾದ್ರೂ. ನಾನು ಬಿರಿಯಾನಿ ಅಂತೀನಿ. ಮೈ ಅತ್ಲಾಗೆ ಹೋಗ್ತದೆ."

ನಾನು ಬಿಸಿಬೇಳೆ ಬಾತ್ ಎಂದು ಹೇಳಿಕೊಂಡು ನೋಡಿದ್ದೇನೆ. ಕೆಲಸ ಮಾಡುವುದಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲಿಯೂ ಹೆಸರು ಬರೆಸಿಕೊಳ್ಳದ ಮನುಷ್ಯ. ಶಿವಾಜಿನಗರದಲ್ಲಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿದ್ದ ಅವರ ಅಂಗಡಿಗೆ ಬೋರ್ಡೇ ಇರಲಿಲ್ಲ. ಬಾಗಿಲಲ್ಲಿ ತಲೆಯಿಲ್ಲದ ಮೂರು ಹೆಂಗಸರು ನಿಂತಿರುತ್ತಿದ್ದರು, ಅದೇ ಗುರುತು. ಬಟ್ಟೆ ಅಂಗಡಿಗಳಲ್ಲಿ ಸೀರೆ ಉಡಿಸಿ ನಿಲ್ಲಿಸುತ್ತಾರಲ್ಲ, ಆ ಗೊಂಬೆಗಳು. ಕುತ್ತಿಗೆಯವರೆಗೆ ಮಾತ್ರ ಮಾಡುತ್ತಿದ್ದರು. ತಲೆ ಯಾಕಿಲ್ಲ ಎಂದು ಒಮ್ಮೆ ಕೇಳಿದಾಗ, "ತಲೆ ಮಾಡೋದು ಮೇಲಿನವನ ಕೆಲ್ಸ. ಅವನು ಮಾಡಿರೋದೇ ಎಷ್ಟೋ ಕಡೆ ಸರಿ ಕೂತಿಲ್ಲ, ನಾನ್ಯಾಕೆ ಕೈ ಹಾಕ್ಲಿ?" ಎಂದಿದ್ದರು.

ಅಂಥವರಿಗೂ ನನಗೂ ಗಂಟು ಬಿದ್ದದ್ದು ಒಂದು ದೋಣಿಯಿಂದ.

ನಮ್ಮ ಮನೆ ಇರುವುದು ಕೆ.ಆರ್. ಪುರದ ಆಚೆಗಿನ ಒಂದು ತಗ್ಗಿನ ಲೇಔಟಿನಲ್ಲಿ. ಸೈಟು ಮಾರುವಾಗ ಮನೆಯಿಂದಲೇ ಕೆರೆ ಕಾಣುತ್ತದೆ ಎಂದಿದ್ದರು. ಮೊದಲ ಜೋರು ಮಳೆಗೆ ಕೆರೆಯೇ ನಮ್ಮನ್ನು ನೋಡಲು ಮನೆಯೊಳಗೆ ಬಂತು. ಆ ವರ್ಷ ಲೇಔಟಿನವರೆಲ್ಲ ಟ್ರ್ಯಾಕ್ಟರಿನ ಹಿಂದೆ ಕಬ್ಬಿನ ಹಾಗೆ ನಿಂತುಕೊಂಡು ಹೊರಗೆ ಬಂದೆವು. ನೀರಿಳಿದ ಮೇಲೆ ನಿವಾಸಿಗಳ ಸಂಘದವರು ಸಭೆ ಸೇರಿ, ನಮ್ಮದೇ ಒಂದು ದೋಣಿ ಇರಲಿ ಎಂದು ತೀರ್ಮಾನಿಸಿದರು. ಅದೇ ಸಭೆಯಲ್ಲಿ ನನ್ನನ್ನು ಕಾರ್ಯದರ್ಶಿಯಾಗಿಯೂ ಆರಿಸಿದರು. ನಾನು ಸಭೆಗೆ ಹೋಗಿರಲಿಲ್ಲ. ಆರಿಸಿದ್ದಕ್ಕೆ ಅದೇ ಕಾರಣ.

ಮುಚ್ಚಿಹೋಗಿದ್ದ ಯಾವುದೋ ರೆಸಾರ್ಟಿನಿಂದ ಆರು ಜನ ಕೂರುವ ಒಂದು ಫೈಬರ್ ದೋಣಿ ಬಂತು. ಹಿಂಭಾಗಕ್ಕೆ ಸಣ್ಣ ಮೋಟರು. ತಂದವನು ನನಗೂ ಕಾವಲುಗಾರನಿಗೂ ಹತ್ತು ನಿಮಿಷ ಪಾಠ ಮಾಡಿ ಹೋದ. ಸಂಘದ ಅಧ್ಯಕ್ಷರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಉದ್ಘಾಟನೆ ಎಂದರೆ ಅವರಿಗೆ ಪ್ರಾಣ. ತೆಂಗಿನಕಾಯಿ ಒಡೆದು, ತಮ್ಮ ಹೆಸರು ಕೆತ್ತಿದ್ದ ಹಿತ್ತಾಳೆ ಫಲಕವನ್ನು ದೋಣಿಯ ಹಿಂಭಾಗಕ್ಕೆ ನಾಲ್ಕು ಸ್ಕ್ರೂ ಹಾಕಿ ಬಿಗಿಸಿದರು. ಆಮೇಲೆ ಎರಡು ಮಳೆಗಾಲ ನೀರು ಬರಲಿಲ್ಲ. ದೋಣಿ ಪಾರ್ಕಿನ ಹೊಂಗೆಮರದಡಿ ಎಲೆ ತುಂಬಿಕೊಂಡು ಬಿದ್ದಿತ್ತು.

ಮೂರನೆಯ ವರ್ಷ ಮಳೆಗೆ ಮೊದಲು ನೋಡಿಬಿಡೋಣ ಎಂದು ಮೋಟರು ಹಿಡಿದು ಅಲ್ಲಾಡಿಸಿದೆ. ಅದು ಬೀಳುವ ಹಲ್ಲಿನ ಹಾಗೆ ಅಲ್ಲಾಡಿತು. ಫಲಕದ ಸ್ಕ್ರೂ ಪಕ್ಕದಿಂದ ಕಾಫಿ ಡಿಕಾಕ್ಷನ್ನಿನಂಥ ನೀರು ಜಿನುಗಿತು. ಬಡಗಿಯನ್ನು ಕರೆಸಿದರೆ, "ಇದು ಫೈಬರ್ರು, ನಮ್ದಲ್ಲ" ಎಂದ. ನೀರಿನ ಟ್ಯಾಂಕು ರಿಪೇರಿಯವನು, "ಒಳಗೆ ಮರ ಐತೆ, ನಮ್ದಲ್ಲ" ಎಂದ. ಕೊನೆಗೆ ಅವನೇ ಶಿವಾಜಿನಗರದ ಭಾಯ್ ಹತ್ತಿರ ಹೋಗಿ ಎಂದು ದಾರಿ ಹೇಳಿದ.

ದೋಣಿಯನ್ನು ಟೆಂಪೊ ಮೇಲೆ ಮಗುಚಿ ಹಾಕಿಕೊಂಡು ಹೊರಟೆವು. ಬೈಯಪ್ಪನಹಳ್ಳಿ ಸಿಗ್ನಲ್ಲಿನಲ್ಲಿ ಬೈಕಿನವನೊಬ್ಬ ಡ್ರೈವರನಿಗೆ, "ಏನ್ ಗುರು, ಮುಂದೆ ಅಷ್ಟು ನೀರೈತಾ?" ಎಂದು ಕೇಳಿದ. ಬಿರುಬಿಸಿಲು. ಆದರೂ ಅವನ ಹಿಂದಿದ್ದ ಸ್ಕೂಟರಿನಾಕೆ ಇದನ್ನು ಕೇಳಿಸಿಕೊಂಡು ಗಾಡಿ ತಿರುಗಿಸಿಯೇಬಿಟ್ಟಳು.

ಭಾಯ್ ಆಗ ಅರವತ್ತು ದಾಟಿದವರು. ಅಗರಬತ್ತಿಯಂಥ ಮೈ, ಗಡ್ಡದ ತುಂಬ ಬಿಳಿ ಪುಡಿ. ದೋಣಿ ಇಳಿಸಿದ ಕೂಡಲೇ ಜೇಬಿನಿಂದ ಚಮಚ ತೆಗೆದು, ದೋಣಿಗೆ ಕಿವಿಯಿಟ್ಟು, ಮುಂಭಾಗದಿಂದ ತಟ್ಟುತ್ತ ಬಂದರು. ಟಣ್, ಟಣ್, ಟಣ್. ಹಿಂಭಾಗಕ್ಕೆ ಬಂದಾಗ 'ಬೊದ್' ಎಂದಿತು. ಭಾಯ್ ಟೋಪಿ ಸರಿಮಾಡಿಕೊಂಡರು.

"ಒಳಗೆ ಹಲಗೆ ಸತ್ತೋಗಿದೆ ಮೇಡಂ."

ನಂತರ ಫಲಕದ ಕಡೆ ನೋಡಿ ದನಿ ತಗ್ಗಿಸಿದರು. "ಇದು ಯಾರ ಹೆಸ್ರು?"

"ನಮ್ಮ ಅಧ್ಯಕ್ಷರದು."

"ಯಾವಾಗ ಹೋದ್ರು ಪಾಪ?"

"ಹೋಗಿಲ್ಲ ಭಾಯ್, ಇದ್ದಾರೆ. ಗಟ್ಟಿಯಾಗಿದ್ದಾರೆ."

"ಮತ್ತೆ ಇದೇನು ಅರ್ಜೆಂಟು?"

ಅವರು ವಿವರಿಸಿದ್ದು ಹೀಗೆ: "ಫೈಬರ್ ಅಂದ್ರೆ ಚರ್ಮ ಮೇಡಂ. ಎರಡು ಚರ್ಮದ ಮಧ್ಯೆ ಪ್ಲೈವುಡ್ ಹಲಗೆ ಇರ್ತದೆ, ಅದು ಬೆನ್ನುಮೂಳೆ. ಮೋಟರ್ ನಿಲ್ಲೋದು ಮೂಳೆ ಮೇಲೆ, ಚರ್ಮದ ಮೇಲಲ್ಲ. ನಿಮ್ಮ ಅಧ್ಯಕ್ಷರ ನಾಲ್ಕು ತೂತಲ್ಲಿ ನೀರು ಒಳಗೋಗಿದೆ. ಹೊರಗೆ ಬರೋಕೆ ದಾರಿ ಇಲ್ಲ. ಎರಡು ವರ್ಷದಿಂದ ಒಳಗೇ ಕೂತು ತಿಂದಿದೆ."

ಮಾರನೆಯ ದಿನ ನನ್ನೆದುರಿಗೇ ಹಿಂಭಾಗದ ಒಳಚರ್ಮವನ್ನು ಯಂತ್ರದಿಂದ ಕೊಯ್ದು, ಟಿಫನ್ ಡಬ್ಬಿಯ ಮುಚ್ಚಳದ ಹಾಗೆ ತೆಗೆದರು. ಒಳಗಿದ್ದದ್ದನ್ನು ಹಲಗೆ ಎನ್ನಲು ಬಾಯಿ ಬರಲಿಲ್ಲ. ಚಹಾದಲ್ಲಿ ಮರೆತುಬಿಟ್ಟ ರಸ್ಕಿನ ಹಾಗಿತ್ತು. ಭಾಯ್ ಅದೇ ಚಮಚದಲ್ಲಿ ತೋಡಿ ತೋಡಿ ಬಕೆಟ್ಟಿಗೆ ಹಾಕಿದರು. ಬಲಗಡೆಯ ಮೂಲೆಯಲ್ಲಿ ಒಂದು ಅಣಬೆ ಬೆಳೆದಿತ್ತು. ಬೆಳ್ಳಗೆ, ಛತ್ರಿ ಬಿಚ್ಚಿಕೊಂಡು, ಆರೋಗ್ಯವಾಗಿ. ಮಾರ್ಕೆಟ್ಟಿನ ತರಕಾರಿಯವನು ಅದನ್ನು ಮೂಸಿ ನೋಡಿ, "ಫ್ರೆಶ್ ಐತೆ" ಎಂದು ಸರ್ಟಿಫಿಕೇಟು ಕೊಟ್ಟ. ನಾನು ಫೋಟೋ ತೆಗೆದು ಅಧ್ಯಕ್ಷರಿಗೆ ಕಳಿಸಿದೆ. ಅವರು ಗುಲಾಬಿ ಹೂವಿನ ಶುಭೋದಯ ಕಳಿಸಿದರು.

ಆಮೇಲೆ ಶುರುವಾಯಿತು ಒಣಗಿಸುವ ಪರ್ವ. ತೋಡಿದ ಜಾಗದ ಮುಂದೆ ಒಂದು ಟೇಬಲ್ ಫ್ಯಾನು ಇಟ್ಟು ಭಾಯ್ ಅದರ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ನಾನು ಎರಡು ದಿನಕ್ಕೊಮ್ಮೆ ಮೆಟ್ರೊ ಹತ್ತಿ, ಇಳಿದು, ಆಟೊ ಹಿಡಿದು ಹೋಗಿ "ಆಯ್ತಾ ಭಾಯ್?" ಎಂದು ಕೇಳುವುದು, ಅವರು ಒಳಗೆ ಅಂಗೈ ಇಟ್ಟು ನೋಡಿ "ಇನ್ನೂ ಬೆವರ್ತಾ ಇದೆ" ಎನ್ನುವುದು. ಅಷ್ಟರಲ್ಲಿ ದೋಣಿಗೆ ಗಲ್ಲಿಯಲ್ಲಿ ಸಂಸಾರ ಬೆಳೆದಿತ್ತು. ಒಂದು ಮೇಕೆ ಅದರಲ್ಲೇ ಮಲಗುತ್ತಿತ್ತು. ಎದುರು ಮನೆಯಾಕೆ ಸೀಟಿನ ಮೇಲೆ ಬಟ್ಟೆ ಹಾಸಿ ಶ್ಯಾವಿಗೆ ಒಣಹಾಕಿದ್ದರು. ಗಲ್ಲಿಯಲ್ಲಿ ಓಡಾಡಬೇಕಾದವರು ದೋಣಿ ಹತ್ತಿ ಇಳಿದೇ ಹೋಗಬೇಕಿತ್ತು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಒಬ್ಬ ಮುದುಕರಂತೂ ದಿನವೂ ನಡುವೆ ಐದು ನಿಮಿಷ ಕೂತು ದಮ್ಮು ಆರಿಸಿಕೊಂಡು ಮುಂದೆ ಹೋಗುತ್ತಿದ್ದರು.

"ನೀವು ಎಂದಾದ್ರೂ ದೋಣಿಲಿ ಹೋಗಿದೀರಾ ಭಾಯ್?" ಎಂದು ಒಂದು ದಿನ ಕೇಳಿದೆ.

"ನಕ್ಕೋ ಮೇಡಂ, ಬೇಡ್ವೇ ಬೇಡ! ನೀರು ಅಂದ್ರೆ ನಂಗೆ ಭಯ. ಹಲಸೂರು ಕೆರೆ ಬಂದ್ರೆ ನಾನು ರೋಡ್ ದಾಟಿ ಆಕಡೆ ಫುಟ್‌ಪಾತಲ್ಲಿ ಹೋಗ್ತೀನಿ."

"ಸಮುದ್ರ ನೋಡಿಲ್ವಾ?"

"ಕ್ಯಾಲೆಂಡರಲ್ಲಿ. ಅಷ್ಟು ಸಾಕಾಯ್ತು."

ಹೊಸ ಪ್ಲೈವುಡ್ಡನ್ನು ತಾವೇ ಹೋಗಿ ಆರಿಸಿ ತಂದರು. ಅಂಗಡಿಯವನ ಮಾತು ನಂಬದೆ, ಒಂದು ತುಂಡನ್ನು ಮನೆಯ ಕುಕ್ಕರಿಗೆ ಹಾಕಿ ಕೂಗಿಸಿದರಂತೆ. ಮೂರು ವಿಶಲ್ಲಿಗೂ ಪದರ ಬಿಚ್ಚದಿದ್ದರೆ ಅದು ನೀರಿಗೆ ತಡೆಯುವ ಪ್ಲೈ. ತುಂಡು ಪಾಸಾಯಿತು. ಆದರೆ ಅವರ ಹೆಂಡತಿ ಕುಕ್ಕರು ತೆರೆದು ನೋಡಿದರು. "ಎರಡು ದಿನ ಮಾತಾಡ್ಲಿಲ್ಲ ಮೇಡಂ. ಮೂರನೇ ದಿನ, ಉಪ್ಪು ಹಾಕಿದ್ರಾ ಅಂತ ಕೇಳಿದ್ಲು."

ಹಲಗೆ ಕೂರಿಸಿದ ದಿನವನ್ನು ನಾನು ಮರೆಯಲಾರೆ. ರಟ್ಟಿನಲ್ಲಿ ಅಳತೆ ತೆಗೆದು, ಎರಡು ಪ್ಲೈ ತುಂಡುಗಳನ್ನು ಒಂದಕ್ಕೊಂದು ಅಂಟಿಸಿ, ಸುತ್ತ ರೆಸಿನ್ ಕುಡಿಸಿ, ನೂಲಿನ ಚೂರು ಬೆರೆಸಿದ ಗಟ್ಟಿ ರೆಸಿನ್ನನ್ನು ಚಟ್ನಿಯ ಹಾಗೆ ಬಳಿದು, ಹಲಗೆಯನ್ನು ಹೊರಚರ್ಮಕ್ಕೆ ಒತ್ತಿದರು. ಅದು ಗಟ್ಟಿಯಾಗುವ ತನಕ ಬಿಗಿಯಾಗಿ ಒತ್ತಿ ಹಿಡಿಯಬೇಕು. ಹಿಡಿಯಲು ಇದ್ದದ್ದು ಎರಡೇ ಕ್ಲಾಂಪು. ಭಾಯ್ ಗಲ್ಲಿಯ ಕಡೆ ತಿರುಗಿ ಕೂಗಿದರು. ತರಕಾರಿಯವನು, ಮಟನ್ ಅಂಗಡಿಯವನು, ದಮ್ಮು ಆರಿಸಿಕೊಳ್ಳುತ್ತಿದ್ದ ಮುದುಕರು ಎಲ್ಲ ಬಂದರು. ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಸಿ, ಎಲ್ಲರೂ ದೋಣಿಯೊಳಗೆ ಕೂತು ಅದಕ್ಕೆ ಬೆನ್ನು ಕೊಡಬೇಕೆಂದರು. ಒಂದು ಬೆನ್ನು ಕಡಿಮೆಯಾಯಿತು. ಎಲ್ಲರೂ ನನ್ನನ್ನು ನೋಡಿದರು.

"ಬನ್ನಿ ಮೇಡಂ. ಸೆಕ್ರೆಟರಿ ಅಲ್ವಾ?"

ಮುಕ್ಕಾಲು ಗಂಟೆ ಶಿವಾಜಿನಗರದ ಗಲ್ಲಿಯ ನಡುವೆ, ನೀರಿಲ್ಲದ ದೋಣಿಯಲ್ಲಿ, ನಾಲ್ಕು ಜನ ಸಾಲಾಗಿ ಒರಗಿ ಕೂತು ಚಹಾ ಕುಡಿದೆವು. ದಾರಿಹೋಕರು ಎಲ್ಲಿಗೆ ಹೊರಟಿರಿ ಎಂದು ಕೇಳಿದರು. ಮುದುಕರು "ಮಂಗಳೂರು" ಎಂದರು. ನಮಗೆಲ್ಲ ನಗು ಒತ್ತರಿಸಿ ಬಂತು. "ನಗಬೇಡಿ! ಹಲಗೆ ಅಲ್ಲಾಡ್ತದೆ!" ಎಂದು ಭಾಯ್ ಗದರಿಸಿದರು. ಅವರ ಗಡ್ಡವೂ ಅಲ್ಲಾಡುತ್ತಿತ್ತು.

ಅದರ ಮೇಲೆ ಫೈಬರ್ ಪದರಗಳು ಬಿದ್ದವು. ಮೋಟರಿನ ಬೋಲ್ಟು ಹಾಯುವ ತೂತುಗಳ ಒಳಗೂ ರೆಸಿನ್ ಬಳಿದು, ನೀರಿನ ಒಂದು ಹನಿಗೂ ದಾರಿಯಿಲ್ಲದಂತೆ ಮಾಡಿದರು. ಅಧ್ಯಕ್ಷರ ನಾಲ್ಕು ತೂತುಗಳು ಮುಚ್ಚಿಹೋದವು. ಫಲಕವನ್ನು ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ದೋಣಿಯ ಜೊತೆ ಭಾಯ್ ತಾವೇ ನಮ್ಮ ಲೇಔಟಿಗೆ ಬಂದರು. ಅದೇ ಟೆಂಪೊದಲ್ಲಿ ಕೆ.ಆರ್. ಪುರದ ಬಟ್ಟೆ ಅಂಗಡಿಗೆಂದು ಆರು ಗೊಂಬೆಗಳೂ ಇದ್ದವು. ದೋಣಿಯನ್ನು ನಮ್ಮ ಗೇಟಿಗೆ ಕಟ್ಟಿ, ಮೋಟರು ಬಿಗಿಸಿ, ದಾರಿಯಲ್ಲಿ ಹಗ್ಗ ಉಜ್ಜಿದ ಕಡೆ ಮೇಲುಗಡೆಯ ಕೋಟನ್ನು ಮತ್ತೊಮ್ಮೆ ಬಳಿದು, "ಒಳಗೆ ಕಲ್ಲು. ಮೇಲೆ ಮಾತ್ರ ಹಸಿ. ನಾಳೆವರೆಗೂ ಮುಟ್ಟಬೇಡಿ" ಎಂದರು. ಅಷ್ಟರಲ್ಲಿ ಅಧ್ಯಕ್ಷರು ಡ್ರಿಲ್ಲಿಂಗ್ ಮೆಷಿನ್ನು ಹಿಡಿದು ಬಂದರು. ಫಲಕವನ್ನು ನನ್ನಿಂದ ಆಗಲೇ ಇಸಿದುಕೊಂಡಿದ್ದರು.

"ಸಾರ್, ಅದೊಂದು ಬೇಡ. ಬೇಕಾದ್ರೆ ಅಂಟಿಸಿಕೊಡ್ತೀನಿ," ಎಂದರು ಭಾಯ್.

"ಅಂಟಿಸಿದ್ರೆ ಅದು ಸ್ಟಿಕ್ಕರ್ ಆಗುತ್ರೀ. ಫಲಕ ಅಂದ್ಮೇಲೆ ಸ್ಕ್ರೂ ಇರ್ಬೇಕು."

ಭಾಯ್ ಎರಡೂ ಕೈ ಚಾಚಿ ದೋಣಿಯ ಬೆನ್ನಿಗೆ ಅಡ್ಡ ನಿಂತರು. "ಸಾರ್, ನಂಗೆ ಕೊರೀರಿ. ಇದಕ್ಕೆ ಬೇಡ."

ಅಧ್ಯಕ್ಷರು ಮೆಷಿನ್ನು ಒತ್ತಿಯೇಬಿಟ್ಟರು. ಅದು ಒಮ್ಮೆ ಗುರ್ ಎಂದಿತು. ಅದೇ ಹೊತ್ತಿಗೆ ಗುಡುಗಿ, ಇಡೀ ಲೇಔಟಿನ ಕರೆಂಟು ಹೋಯಿತು. ಮಳೆ ಸುರಿಯತೊಡಗಿತು. "ಬೆಳಿಗ್ಗೆ ನೋಡ್ಕೋತೀನಿ," ಎಂದು ಅವರು ಮನೆಗೆ ಓಡಿದರು. ಟೆಂಪೊ ಸ್ಟಾರ್ಟ್ ಆಗಲಿಲ್ಲ. ಭಾಯ್ ನಮ್ಮ ಮನೆಯ ಮಹಡಿಯಲ್ಲಿ ಉಳಿದುಕೊಂಡರು.

ಬೆಳಿಗ್ಗೆ ಎದ್ದು ನೋಡಿದರೆ ರಸ್ತೆ ಇರಲಿಲ್ಲ. ಎದೆಮಟ್ಟ ಕಂದು ನೀರು. ನನ್ನ ಗಂಡ ಬಾಲ್ಕನಿಯಲ್ಲಿ ನಿಂತು ನಮ್ಮ ಕಾರಿನ ಆಂಟೆನಾ ಹುಡುಕುತ್ತಿದ್ದರು. ಅಷ್ಟರಲ್ಲಿ ಕೊನೆ ಕ್ರಾಸಿನ ಸರಸ್ವತಮ್ಮನವರ ಸೊಸೆಯ ಫೋನು ಬಂತು. ಸರಸ್ವತಮ್ಮನವರಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕು. ಹಿಂದಿನ ಸಲದ್ದು ಆಗಲೇ ತಪ್ಪಿಹೋಗಿತ್ತು. ಕಾಲು ಊದಿದೆ, ಉಸಿರು ಎಳೆಯುತ್ತಿದ್ದಾರೆ, ಇವತ್ತು ಹೋಗದಿದ್ದರೆ ಕಷ್ಟ ಎಂದು ಸೊಸೆ ಅತ್ತಳು. ರಕ್ಷಣಾ ಪಡೆಯವರು ಮುಖ್ಯರಸ್ತೆಯ ಕಡೆಯಿಂದ ಒಂದೊಂದೇ ಮನೆ ಮುಗಿಸಿಕೊಂಡು ಬರುತ್ತಿದ್ದರು. ಕೊನೆ ಕ್ರಾಸಿಗೆ ಬರುವುದು ಮಧ್ಯಾಹ್ನವೇ.

ದೋಣಿ ನಮ್ಮ ಗೇಟಿಗೆ ಕಟ್ಟಿಹಾಕಿದಲ್ಲೇ ತೇಲುತ್ತಿತ್ತು. ಅದನ್ನು ಓಡಿಸಲು ಕಲಿತಿದ್ದ ಕಾವಲುಗಾರ ಊರಿಗೆ ಹೋಗಿದ್ದ. ಉಳಿದದ್ದು ಹತ್ತು ನಿಮಿಷದ ಪಾಠದ ನಾನು.

"ಭಾಯ್, ಹಲಗೆ ತಡೆಯುತ್ತಾ?"

ಅವರು ನೀರನ್ನು ನೋಡಿದರು. "ತಡೀತದೆ," ಎಂದರು. ಟೋಪಿ ಬಿಗಿಮಾಡಿಕೊಂಡು, "ನಾನೂ ಬರ್ತೀನಿ. ಕಟ್ಟಿದೋನು ಮೇಲೆ ನಿಂತ್ಕೊಂಡು ನೋಡೋದು ಸರಿಯಲ್ಲ," ಎಂದರು. ನನ್ನ ಗಂಡ ಅವರನ್ನು ಬಾಲ್ಕನಿಯಿಂದ ಅಕ್ಕಿಮೂಟೆಯ ಹಾಗೆ ಇಳಿಸಿದರು. ಭಾಯ್ ಹಿಂಬದಿಯ ಸೀಟಿನಲ್ಲಿ ಕೂತು, ಹೊಸ ಹಲಗೆ ಕೂರಿಸಿದ ಜಾಗದ ಮೇಲೆ ಬಲ ಅಂಗೈ ಊರಿ, ಕಣ್ಣು ಮುಚ್ಚಿಬಿಟ್ಟರು. ಜ್ವರ ಬಂದ ಮಗುವಿನ ಹಣೆ ಹಿಡಿದ ಹಾಗಿತ್ತು. ಮೋಟರು ಶುರುವಾದಾಗ ಅವರ ತುಟಿಗಳೂ ಶುರುವಾದವು. ಪ್ರಾರ್ಥನೆಯಿರಬೇಕು; ನಡುವೆ ಒಮ್ಮೆ ಬಿರಿಯಾನಿ ಎಂದೂ ಕೇಳಿಸಿತು.

ಎರಡು ಕಾಂಪೌಂಡು, ಒಂದು ತೆಂಗಿನಮರಕ್ಕೆ ಗುದ್ದಿಸಿ ಕೊನೆ ಕ್ರಾಸು ಮುಟ್ಟಿದೆ. ಅವರ ಗೇಟಿಗೂ ಗುದ್ದಿಸಿ ನಿಲ್ಲಿಸಿ, ಸರಸ್ವತಮ್ಮನವರನ್ನೂ ಸೊಸೆಯನ್ನೂ ಹತ್ತಿಸಿಕೊಂಡು ವಾಪಸ್ ಬರುವಾಗ ಅಧ್ಯಕ್ಷರು ತಮ್ಮ ಗೇಟಿನ ಕಂಬದ ಮೇಲೆ ನಿಂತು ಕೈಬೀಸಿದರು. ಕಂಕುಳಲ್ಲಿ ಹಿತ್ತಾಳೆ ಫಲಕ. ಅವರ ಕಂಬಕ್ಕೂ ಗುದ್ದಿಸಿ ಹತ್ತಿಸಿಕೊಂಡೆವು. ಕೂತವರೇ, "ನೋಡಿ ಮೇಡಂ, ಟಿವಿಯವ್ರು ಬಂದಿದಾರಂತೆ. ಮುಂದುಗಡೆ ಹಿಡ್ಕೊಂಡು ನಿಲ್ಲಲಾ?" ಎಂದರು. ಎದ್ದೂ ನಿಂತರು. ದೋಣಿ ಒಂದು ಕಡೆಗೆ ವಾಲಿತು. ನಾನೂ ಎದ್ದು ನಿಂತು ಬೈದೆ. ಏನೆಂದು ಬೈದೆನೋ ನೆನಪಿಲ್ಲ, ಅವರು ಕೂತರು. ಸರಸ್ವತಮ್ಮ ಏದುಸಿರಿನಲ್ಲೇ, "ಇನ್ನೊಂದ್ ಸಲ ಬೈಯಮ್ಮಾ, ಉಸಿರು ಸರಾಗ ಆಯ್ತು," ಎಂದರು.

ಪಾರ್ಕಿನ ತಿರುವಿನಲ್ಲಿ ಸೊಸೆ ಚೀರಿದಳು. ನೀರಿನ ಮೇಲೆ ಒಂದು ಹೆಣ ತೇಲುತ್ತಿತ್ತು. ತಲೆಯಿರಲಿಲ್ಲ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ದೂರದಲ್ಲಿ ರಕ್ಷಣಾ ಪಡೆಯ ರಬ್ಬರ್ ದೋಣಿ. ಅದರಲ್ಲಿದ್ದ ಇಬ್ಬರು ಒಂದನ್ನು ಎತ್ತಿ ಮಲಗಿಸಿ, ಗೌರವದಿಂದ ಬೆಡ್‌ಶೀಟು ಹೊದಿಸುತ್ತಿದ್ದರು. ಒಬ್ಬ ಟೋಪಿ ತೆಗೆದಿದ್ದ.

ಭಾಯ್ ಕಣ್ಣು ತೆರೆದರು. "ಅರೆ! ಅದು ನಂದು! ಆರೂ ನಂದೇ!" ಎಂದು ಕೂಗಿದರು.

ಟೋಪಿ ತೆಗೆದವನು ಅವರನ್ನು ನೋಡಿದ ನೋಟ ಈಗಲೂ ನನ್ನ ಕಣ್ಣಮುಂದಿದೆ. "ಅಲ್ಲೇ ನಿಲ್ಲಿ!" ಎಂದು ಅವನು ಕೂಗಿದ. ನನಗೆ ಮೋಟರು ಓಡಿಸುವುದು ಗೊತ್ತಿತ್ತು, ಗುದ್ದಿಸದೆ ನಿಲ್ಲಿಸುವ ಪಾಠದ ಹೊತ್ತಿಗೆ ಅಂದು ಹತ್ತು ನಿಮಿಷ ಮುಗಿದಿತ್ತು. ನಾವು ಅವರನ್ನು ದಾಟಿ ಸೀದಾ ಹೋದೆವು. "ಫೈಬರ್ರು! ಫೈಬರ್ರು!" ಎಂದು ಭಾಯ್ ಹಿಂದಕ್ಕೆ ತಿರುಗಿ ಕೂಗುತ್ತಲೇ ಇದ್ದರು. ಅವನು ಬೆಡ್‌ಶೀಟು ಸರಿಸಿ ಬೆರಳಲ್ಲಿ ತಟ್ಟಿ ನೋಡಿದ್ದು ಕಾಣಿಸಿತು. ಆಮೇಲೆ ಅವನ ಜೊತೆಗಾರ ನಗುವುದು ಬಹಳ ದೂರದವರೆಗೆ ಕೇಳಿಸಿತು.

ಮುಖ್ಯರಸ್ತೆಯ ಏರಿನಲ್ಲಿ ದೋಣಿ ತಾನಾಗಿ ನೆಲಕ್ಕೆ ತಾಗಿ ನಿಂತಿತು. ಆಂಬುಲೆನ್ಸು ಕಾಯುತ್ತಿತ್ತು. ಸರಸ್ವತಮ್ಮ ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಮಾಡಿ, ಕಾಫಿ ನೀರಾಗಿದೆ ಎಂದು ದೂರಿದರು. ಬದುಕಿದರು ಎಂದುಕೊಂಡೆವು.

ಎಲ್ಲರೂ ಇಳಿದರೂ ಭಾಯ್ ಇಳಿಯಲಿಲ್ಲ. "ಬನ್ನಿ ಭಾಯ್, ನೆಲ ಬಂತು," ಎಂದೆ.

"ಬರೋಕಾಗಲ್ಲ ಮೇಡಂ. ಕೈ ಅಂಟ್ಕೊಂಡಿದೆ."

ಮೇಲಿನ ಕೋಟು ತಂಡಿಗೆ ಒಣಗಿರಲಿಲ್ಲ. ಅಡುಗೆ ಎಣ್ಣೆ ಹಚ್ಚಿ, ಮೆಲ್ಲಮೆಲ್ಲಗೆ ಬೆರಳುಗಳನ್ನು ಬಿಡಿಸಿದ್ದು ಸ್ವತಃ ಅಧ್ಯಕ್ಷರು. ಅಂಗೈ ಗುರುತು ಹಾಗೇ ಉಳಿಯಿತು. ಫಲಕದ ಜಾಗ ಅದೇ ಆಗಿತ್ತು. ಅಧ್ಯಕ್ಷರು ಎಣ್ಣೆ ಕೈ ಒರೆಸಿಕೊಂಡು, "ಫಲಕ ಆಫೀಸಲ್ಲಿ ಇಟ್ಕೊಳ್ಳೋಣ ಬಿಡಿ," ಎಂದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಭಾಯ್ ಮೂರು ದಿನ ನಮ್ಮಲ್ಲೇ ಇದ್ದರು. ದಿನಕ್ಕೆ ನಾಲ್ಕು ಟ್ರಿಪ್ಪಿನಂತೆ ಹಾಲು, ಔಷಧಿ, ಮುದುಕರನ್ನು ಸಾಗಿಸಿದೆವು. ಎರಡನೆಯ ದಿನ ಅವರು ಒಂದು ಕಣ್ಣು ತೆರೆದರು. ಮೂರನೆಯ ದಿನ, "ಸ್ವಲ್ಪ ಸ್ಪೀಡಾಗಿ ಹೋಗಿ ಮೇಡಂ," ಎಂದರು.

ಇದಾಗಿ ಆರೇಳು ತಿಂಗಳಿಗೆ ನಾನೂ ನನ್ನ ಗಂಡನೂ ಸೀರೆ ತರಲು ಕಮರ್ಷಿಯಲ್ ಸ್ಟ್ರೀಟಿಗೆ ಹೋದೆವು. ಒಂದು ಅಂಗಡಿಯ ಗಾಜಿನ ಮುಂದೆ ನನ್ನ ಗಂಡ ಗಕ್ಕನೆ ನಿಂತುಬಿಟ್ಟರು.

"ಏನ್ರೀ?"

"ಇಲ್ನೋಡೇ. ನೀನು."

ಒಳಗೆ ಹಸಿರು ರೇಷ್ಮೆ ಸೀರೆಯುಟ್ಟ ಗೊಂಬೆ. ತಲೆಯಿಲ್ಲ. ಎಡಗೈ ಸೊಂಟದ ಮೇಲೆ, ಬಲಗೈ ತೋರುಬೆರಳು ಮುಂದಕ್ಕೆ, ಬ್ಯಾಗು ಹೊತ್ತು ಹೊತ್ತು ಇಳಿದ ಒಂದು ಭುಜ, ಮುಂದೆ ಬಂದ ಹೊಟ್ಟೆ. ಅಲ್ಲ ಎನ್ನುವ ಹಾಗಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಅಲ್ಲಿಂದ ನೇರ ಭಾಯ್ ಅಂಗಡಿಗೆ ನಡೆದೆ.

"ಏನ್ ಭಾಯ್ ಇದು?"

ಅವರು ಹೆದರಲೂ ಇಲ್ಲ, ನಾಚಲೂ ಇಲ್ಲ. "ನಲವತ್ತು ವರ್ಷದಿಂದ ಒಂದೇ ಅಚ್ಚು ಮೇಡಂ. ಎಲ್ಲ ಗೊಂಬೆನೂ ಬಸ್ಸಿಗೆ ಕಾಯೋ ಹಂಗೆ ನಿಂತಿರ್ತವೆ. ಅವತ್ತು ನೀವು ದೋಣಿಲಿ ಎದ್ದು ನಿಂತು ಬೈದ್ರಲ್ಲ, ನಾನು ಕದ್ದು ಒಂದು ಕಣ್ಣು ತೆಗೆದಿದ್ದೆ. ಹಂಗೆ ನಿಂತ್ಕೊಳ್ಳೋ ಮನುಷ್ಯರನ್ನ ನಾನು ನೋಡಿರ್ಲಿಲ್ಲ. ಬಟ್ಟೆ ಅಂಗಡಿ ಸೇಠು ಹೇಳ್ತಾನೆ, ಆ ಗೊಂಬೆ ಇಟ್ಟಾಗಿಂದ ಯಾರೂ ಚೌಕಾಸಿ ಮಾಡ್ತಿಲ್ವಂತೆ."

ಬೈಯಲು ಸೊಂಟದ ಮೇಲೆ ಕೈಯಿಟ್ಟೆ. ಕೂಡಲೇ ತೆಗೆದೆ. ಅವರು ನೋಡಿಬಿಟ್ಟರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಹೋದ ವಾರ ಹೂವಿನವನು ಸುದ್ದಿ ಹೇಳಿದ ಮೇಲೆ ಭಾಯ್ ಮನೆಗೆ ಹೋಗಿ ಅವರ ಹೆಂಡತಿಯ ಜೊತೆ ಸ್ವಲ್ಪ ಹೊತ್ತು ಕೂತು ಬಂದೆ. ಆಮೇಲೆ ಕಾಲು ತಾನಾಗಿ ಕಮರ್ಷಿಯಲ್ ಸ್ಟ್ರೀಟಿನ ಕಡೆ ತಿರುಗಿತು. ಗೊಂಬೆ ಅಲ್ಲೇ ಇತ್ತು. ಈ ಸಲ ನೇರಳೆ ಬಣ್ಣದ ಸೀರೆ. ಒಳಗೆ ಹೋದೆ. ಅಂಗಡಿಯವನು ಬೇರೆ ಗಿರಾಕಿಯ ಕಡೆ ತಿರುಗಿದ್ದ. ಇಳಿಭುಜದಿಂದ ಸೆರಗು ಜಾರುತ್ತಿತ್ತು, ನನ್ನದೂ ಹಾಗೇ ಜಾರುತ್ತದೆ. ಎತ್ತಿ ಸರಿಮಾಡಿ, ನನ್ನ ಸೆರಗಿನ ಪಿನ್ನು ತೆಗೆದು ಅದಕ್ಕೆ ಹಾಕಿ ಬಂದೆ.